‘ಆಲೆಮನೆ ಹೊಗೆಗೆ 6 ತಿಂಗಳು ಜೈಲಂತೆ’: ನಮ್ಮ ಮನೆ ವಾಟ್ಸಾಪ್ ಗುಂಪಿನ ಭಾನುವಾರ

ಶಿವಣ್ಣ ಭಾವ (ಫಾರ್ವರ್ಡ್): 🚨 ರೈತರೇ ಎಚ್ಚರ! ಹೊಸ ಕಾನೂನು ಜಾರಿ! ಆಲೆಮನೆ ಹೊಗೆ, ಕೊಟ್ಟಿಗೆ ವಾಸನೆ, ಕೋಳಿ ಕೂಗು, ಯಾವುದರ ಮೇಲೆ ಅಕ್ಕಪಕ್ಕದವರು ದೂರು ಕೊಟ್ಟರೂ ನೇರ 6 ತಿಂಗಳು ಜೈಲು, 5000 ದಂಡ. ನೋಟಿಸ್ ಇಲ್ಲ, ಜಾಮೀನು ಇಲ್ಲ. ಎಲ್ಲ ಗುಂಪಿಗೂ ಕಳಿಸಿ.

ಶಿವಣ್ಣ ಭಾವ: ನೋಡಿ, ಎಲ್ರಿಗೂ ಬೆಲ್ಲ ಬೇಕು, ಒಲೆ ಮಾತ್ರ ಉರೀಬಾರ್ದು.

ಮಂಜ: ಕೋಳಿ ಕೂಗಿದ್ರೂ ಜೈಲಾ 😳

ಪುಟ್ಟತ್ತೆ: ಕಲಿಗಾಲ ಕಣಪ್ಪ 🙏🙏

ಕಿರಣ: ಭಾವ, ಎಲ್ಲಿಂದ ಬಂತು ಇದು? ಯಾವ ಕಾಯ್ದೆ, ಎಷ್ಟನೇ ಕಲಂ? ಒಂದೂ ಇಲ್ವಲ್ಲ.

ಶಿವಣ್ಣ ಭಾವ: ಬೆಳೆಗಾರರ ಗುಂಪಲ್ಲಿ ಬಂತು. ಓದಿದೋರೇ ಹಾಕವ್ರೆ.

ಲತಕ್ಕ: ಇದು ನಂಗೆ ತಾಗ್ಲಿ ಅಂತ್ಲೇ ಹಾಕಿರದು. ಹೋದ ವಾರ ನಾನು ನಿಮ್ಮ ಆಲೆಮನೆ ಹೊಗೆ ಬಗ್ಗೆ ಅರ್ಜಿ ಕೊಟ್ಟೆ ಅಂತ ತಾನೆ ಭಾವ?

ಶಿವಣ್ಣ ಭಾವ: ನಾನು ಯಾರ ಹೆಸ್ರೂ ಎತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ರೆ ನಾನೇನ್ ಮಾಡ್ಲಿ.

ದೊಡ್ಡಪ್ಪ: ಮನೆ ಜಗಳ ಬೀದಿಗೆ ಹಾಕಬೇಡಿ. ನಮ್ಮ ಕಾಲದಲ್ಲಿ ಅರಳಿಕಟ್ಟೆ ಮೇಲೆ ಕೂತು ಸಂಜೆಯೊಳಗೆ ಬಗೆಹರಿಸ್ತಿದ್ವಿ. ಕೋರ್ಟು ಕಚೇರಿ ಅಂದೋರೇ ಇರಲಿಲ್ಲ. ಲತಾ, ನೀನೂ ಸ್ವಲ್ಪ ಹೊಂದ್ಕೊಂಡು ಹೋಗೋದು ಕಲೀಬೇಕು ಮಗಳೇ.

ಪುಟ್ಟತ್ತೆ: ಅಣ್ಣಯ್ಯ, ಒಂದು ಮೊಳ ಬದುವಿಗೆ ನಮ್ಮನೆಯವ್ರ ಮೇಲೆ ಕೇಸು ಹಾಕಿದ್ದು ಯಾರು?

ದೊಡ್ಡಪ್ಪ: ಅದು ಬೇರೆ ವಿಷಯ.

ಪುಟ್ಟತ್ತೆ: ನಂಗೇನೂ ಬೇರೆ ಅಲ್ಲ.

ಕಿರಣ: ಎಲ್ರೂ ಒಂದು ನಿಮಿಷ ಓದಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಾರ್ವಜನಿಕ ಉಪದ್ರವ, ಅಂದ್ರೆ ಸುತ್ತಲಿನ ಜನಕ್ಕೆಲ್ಲ ತೊಂದರೆ ಕೊಡೋ ಕೆಲಸ, ಯಾವುದು ಅಂತ 270ನೇ ಕಲಂ ಹೇಳುತ್ತೆ. 292ರಲ್ಲಿ ದಂಡ ಮಾತ್ರ, 1000 ರೂಪಾಯಿವರೆಗೆ. ಹಳೇ ಐಪಿಸೀಲಿ 200 ಇತ್ತು. ಆ 6 ತಿಂಗಳು, 5000 ಅನ್ನೋದು 293. ‘ನಿಲ್ಲಿಸು’ ಅಂತ ಅಧಿಕಾರ ಇರೋರು ಆದೇಶ ಕೊಟ್ಟ ಮೇಲೂ ಮಾಡಿದ್ರೆ ಮಾತ್ರ. ಎರಡಕ್ಕೂ ಜಾಮೀನು ಸಿಗುತ್ತೆ.

ಮಂಜ: ತಾತನ ಆಲೆಮನೆ ನೆನಪಾಯ್ತು ಕಣ್ರೋ. ಕೊಪ್ಪರಿಗೆ ಪಾಕ ಕುದೀವಾಗ ತೆಂಗಿನಕಾಯಿ ಹೋಳು ಅದ್ದಿ ಕೊಡೋರು. ಬಾಳೆಎಲೆ ಮೇಲೆ ಬಿಸಿ ಬೆಲ್ಲ. ಆ ಹೊಗೆ ವಾಸನೇನೇ ಬೇರೆ. ಪುಟ್ಟತ್ತೆ, ನೀವು ನಾಲಿಗೆ ಸುಟ್ಕೊಂಡಿದ್ದು ಜ್ಞಾಪಕ ಇದ್ಯಾ?

ಪುಟ್ಟತ್ತೆ: ಸುಟ್ಕೊಂಡಿದ್ದು ನಿಮ್ಮಪ್ಪ.

ಲತಕ್ಕ: ತಾತ ಉರಿಸ್ತಿದ್ದದ್ದು ಕಬ್ಬಿನ ಸಿಪ್ಪೆ ಕಣೋ ಮಂಜ. ಇಲ್ಲಿ ಉರೀತಿರದು ಹಳೇ ಟೈರು. ಬೆಳಿಗ್ಗೆ ಒಗೆದು ಹಾಕಿದ ಬಿಳೀ ಯೂನಿಫಾರ್ಮ್ ಮೇಲೆ ಸಂಜೆ ಕೈ ಆಡಿಸಿದ್ರೆ ಬೆರಳೆಲ್ಲ ಎಣ್ಣೆ ಮಸಿ. ಚಿಕ್ಕವನಿಗೆ ರಾತ್ರಿ ಹೊತ್ತು ನೆಬ್ಯುಲೈಜರ್ ಇಡ್ತೀನಿ. ಯಾರೂ ಬಂದು ನೋಡಿಲ್ಲ.

ಶಿವಣ್ಣ ಭಾವ: ಮಳೇಲಿ ಸಿಪ್ಪೆ ಒಣಗಲ್ಲಮ್ಮ. ಸೌದೆ ರೇಟ್ ಕೇಳಿದೀಯಾ? ಉತ್ತರಪ್ರದೇಶದಿಂದ ಬಂದ ಆಳುಗಳಿಗೆ ಕೆಲಸ ಇಲ್ದಿದ್ರೂ ಕೂಲಿ ಕೊಡಬೇಕು. ನಿಮ್ಮನೆ ಬಚ್ಚಲು ನೀರು ವರ್ಷಾನುಗಟ್ಲೆ ನನ್ನ ಗದ್ದೆಗೆ ಬಿಟ್ಟಿದ್ರಲ್ಲ, ನಾನು ಅರ್ಜಿ ಹಾಕಿದ್ನಾ?

ಲತಕ್ಕ: ಹಾಕ್ಲಿಲ್ಲ. ಅದಕ್ಕೇ ಗೃಹಪ್ರವೇಶಕ್ಕೆ ನಮ್ಮನ್ನ ಕರೀಲಿಲ್ಲ.

ದೊಡ್ಡಪ್ಪ: ಸಾಕು.

ಕಿರಣ: ಬಚ್ಚಲು ನೀರು ಭಾವ ಒಬ್ಬರ ಗದ್ದೆಗೆ ಹೋದ್ರೆ ಅದು ಖಾಸಗಿ ಉಪದ್ರವ. ಅದಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ, ಸಿವಿಲ್ ಕೋರ್ಟಲ್ಲಿ ತಡೆಯಾಜ್ಞೆ ಕೇಳಬೇಕು. ಹೊಗೆ ಇಡೀ ಬೀದಿಗೆ ಹರಡಿದ್ರೆ ಸಾರ್ವಜನಿಕ. ಅದನ್ನ ನಿಲ್ಲಿಸಿ ಅಂತ ಕೇಳೋಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಹಳೇ ಸಿಆರ್‌ಪಿಸಿ ಬದಲು ಬಂದದ್ದು) 152ನೇ ಕಲಂ ಇದೆ. ಪಾಂಡವಪುರದ ಎ.ಸಿ., ಅಂದ್ರೆ ಉಪವಿಭಾಗಾಧಿಕಾರಿ ಸಾಹೇಬರೇ ಉಪವಿಭಾಗದ ಮ್ಯಾಜಿಸ್ಟ್ರೇಟು. ಮೊದಲು ‘ನಿಲ್ಲಿಸು, ಇಲ್ಲಾ ಬಂದು ಕಾರಣ ಹೇಳು’ ಅಂತ ಷರತ್ತಿನ ಆದೇಶ, ಆಮೇಲೆ ಭಾವನೂ ಹೋಗಿ ತಮ್ಮ ಮಾತು ಹೇಳಬಹುದು.

ಲತಕ್ಕ: ಇದನ್ನ ಇಷ್ಟು ದಿನ ಯಾರೂ ಹೇಳ್ಲಿಲ್ಲ ನೋಡು. ಒಂದು ಆಫೀಸಿಗೆ ಹೋದ್ರೆ ಇನ್ನೊಂದು ಆಫೀಸು ತೋರಿಸ್ತಾರೆ.

ಕಿರಣ: ತಿದ್ದಬೇಕಾಗಿರೋದು ಅದೇ ಅಕ್ಕ. ರಾಜ್ಯದ ಪೊಲೀಸ್ ಕಾಯ್ದೆ 1963ರದ್ದು, ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಹೊಗೆ, ಚರಂಡಿ, ಮೈಕು, ಯಾವ ದೂರಿಗೆ ಯಾರು ಎಷ್ಟು ದಿನದಲ್ಲಿ ಸ್ಥಳಕ್ಕೆ ಬರಬೇಕು ಅಂತ ಒಂದೇ ಕಡೆ ಬರೀಲಿ. ಪುರಸಭೆಯಂಥವರು ದುಡ್ಡಿಲ್ಲ ಅಂತಾನೂ ತಪ್ಪಿಸ್ಕೊಳ್ಳೋ ಹಾಗಿಲ್ಲ. ರತ್ಲಾಮ್ ಪುರಸಭೆ ಚರಂಡಿ ಕೇಸಲ್ಲಿ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಭಾವನಂಥವರಿಗೆ ಒಲೆ ಸರಿಮಾಡ್ಕೊಳ್ಳೋಕೆ ಸಹಾಯಧನನೂ ಕೊಡಲಿ. ಬರೀ ದಂಡ ಹಾಕಿದ್ರೆ ಸಾವಿರ ಕಟ್ಟಿ ಮತ್ತೆ ಟೈರ್ ಹಾಕ್ತಾರೆ.

ಶಿವಣ್ಣ ಭಾವ: ಮೈಸೂರಲ್ಲಿ ಫ್ಯಾನ್ ಕೆಳಗೆ ಕೂತು ಬರೀಬಹುದು.

ಮಂಜ: ಭಾವ, ಹಬ್ಬಕ್ಕೆ ಅಚ್ಚು ಬೆಲ್ಲ ಎತ್ತಿಡಿ, ಬರ್ತೀನಿ.

ದೊಡ್ಡಪ್ಪ: ಅಳಿಯಂದಿರೇ, ಆ ಸುಳ್ಳು ಮೆಸೇಜು ಮೊದಲು ತೆಗೀರಿ. ಊರೋರೆಲ್ಲ ಹೆದರ್ಕೊಂಡವ್ರೆ.

ಶಿವಣ್ಣ ಭಾವ: ಮೊದ್ಲು ಅವಳು ಅರ್ಜಿ ವಾಪಸ್ ತಗೊಳ್ಲಿ.

ಲತಕ್ಕ: ಮೊದ್ಲು ಟೈರ್ ಲಾರಿ ವಾಪಸ್ ಹೋಗ್ಲಿ. ನಾಳೆ ನಮ್ಮ ಬೀದಿಯೋರೆಲ್ಲ ಸಹಿ ಹಾಕಿ ಪಾಂಡವಪುರಕ್ಕೆ ಹೋಗ್ತಾ ಇದೀವಿ. ಕಿರಣ, ಆ 152 ಅನ್ನೋದನ್ನ ಕನ್ನಡದಲ್ಲಿ ಅರ್ಜಿ ಥರ ಬರೆದು ಇಲ್ಲೇ ಹಾಕು, ಭಾವನೂ ಓದ್ಲಿ.