ಹೊಗೆ ಕಂಡರೂ ಏಳದವರು: ತೀರ್ಮಾನ ನಮ್ಮದೋ, ಪಕ್ಕದವರದೋ?

ನಿವೃತ್ತ ಮೇಷ್ಟ್ರು: ಮನಶ್ಶಾಸ್ತ್ರಜ್ಞರಾದ ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪ್ರಶ್ನಾವಳಿ ತುಂಬುತ್ತಾ ಕುಳಿತವರ ಕೋಣೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಬ್ಬರೇ ಇದ್ದಾಗ ಶೇಕಡಾ 75 ಮಂದಿ ಎದ್ದುಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರು ಜೊತೆಗಿದ್ದಾಗ ಎದ್ದವರು ಶೇಕಡಾ 10 ಮಾತ್ರ. ಉಳಿದವರು ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ, ಪಕ್ಕದವರ ಮುಖ ನೋಡಿ ಅಪಾಯವಿಲ್ಲವೆಂದು ತೀರ್ಮಾನಿಸಿದ್ದರು. ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಕೊಲೆಯನ್ನು 38 ಜನ ನೋಡುತ್ತಾ ನಿಂತದ್ದೇ ಈ ಸಂಶೋಧನೆಗೆ ಪ್ರೇರಣೆ.

ಅಂಕಿಪ್ರಿಯ: "38 ಜನ ನೋಡುತ್ತಾ ನಿಂತದ್ದು" ಎಂಬ ಕಥೆಯನ್ನು ಇನ್ನೂ ಹೇಳುತ್ತಿದ್ದೀರಾ? 1964ರ ಮಾರ್ಚ್ 13ರ ನಸುಕಿನ ಆ ಘಟನೆಯಲ್ಲಿ ಎರಡನೆಯ ದಾಳಿ ನಡೆದದ್ದು ಕಟ್ಟಡದ ಹಿಂಬದಿಯಲ್ಲಿ, ಬಹುತೇಕರ ಕಣ್ಣಿಗೆ ಬೀಳದ ಜಾಗದಲ್ಲಿ. 38 ಜನರ ಕಥೆ ಹೇಳಿದ್ದ ತನ್ನ ವರದಿಯಲ್ಲಿ ದೋಷವಿತ್ತೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ 2016ರಲ್ಲಿ ಬರೆದುಕೊಂಡಿದೆ.

ಹೊಳೆದಂಡೆ: 38 ಎಂಬುದು ಸಾಕ್ಷಿಗಳ ಸಂಖ್ಯೆಯೇ ಅಲ್ಲ. ಹೊಗೆಯ ಪ್ರಯೋಗದಲ್ಲಿ ಮೂವರು ಅಪರಿಚಿತರ ಗುಂಪುಗಳ ಪೈಕಿ ಶೇಕಡಾ 38 ಮಾತ್ರ ತಿಳಿಸಿದವು. ಮೇಷ್ಟ್ರು ಅದನ್ನೇ ಅದಲುಬದಲು ಮಾಡಿದ್ದಾರೆ.

ಅಂಕಿಪ್ರಿಯ: ಅದಲುಬದಲು ಮಾಡಿದವರು ತಾವು. ಎರಡು ಕಡೆಯೂ 38 ಬಂದಿರುವುದು ಕಾಕತಾಳೀಯ. ಅಲ್ಲದೆ ಆ "ಶೇಕಡಾ 38" ಎಂದರೆ ಎಂಟು ಗುಂಪುಗಳಲ್ಲಿ ಮೂರು. ಇಷ್ಟು ಸಣ್ಣ ಲೆಕ್ಕವನ್ನು ಶೇಕಡಾವಾರು ಉಡುಗೆಯಲ್ಲಿ ಮೆರವಣಿಗೆ ಮಾಡಿಸಿದವರ ಮೇಲೆ ನನಗೆ ನಂಬಿಕೆಯಿಲ್ಲ.

ನಿವೃತ್ತ ಮೇಷ್ಟ್ರು: ಪತ್ರಿಕೆ ಒಪ್ಪಿದ್ದು "ದೋಷ"ವನ್ನು, ಸಂಪೂರ್ಣ ಸುಳ್ಳನ್ನಲ್ಲ. ಕೆಲವರಂತೂ ಕೂಗು ಕೇಳಿಯೂ ಸುಮ್ಮನಿದ್ದರು.

ಅಂಕಿಪ್ರಿಯ: "ಕೆಲವರು" ಎಂದರೆ 38 ಅಲ್ಲ, ಸ್ವಾಮಿ! ನೆರೆಮನೆಯ ಸೋಫಿಯಾ ಫ಼ರಾರ್ ಕೆಳಗೆ ಓಡಿಬಂದು, ಸಾಯುತ್ತಿದ್ದ ಆಕೆಯನ್ನು ತೋಳಿನಲ್ಲಿ ಹಿಡಿದುಕೊಂಡದ್ದನ್ನು ನಿಮ್ಮ ಪಠ್ಯಪುಸ್ತಕಗಳು ಏಕೆ ನುಂಗಿದವು?

ಮೂರನೇ ಬೆಂಚು: ಇಬ್ಬರೂ 38ನ್ನು ಬಿಟ್ಟು ಬೀದಿಗೆ ಬರಬೇಕು. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಕ್ಯಾಮೆರಾಗಳಲ್ಲಿ ಸೆರೆಯಾದ 219 ಜಗಳಗಳನ್ನು ಪರಿಶೀಲಿಸಿದಾಗ, ಹತ್ತರಲ್ಲಿ ಒಂಬತ್ತರಲ್ಲಿ ಯಾರಾದರೂ ಒಬ್ಬರು ಮಧ್ಯೆ ಪ್ರವೇಶಿಸಿದ್ದರು. ಜನ ಹೆಚ್ಚಿದಷ್ಟೂ ಆ ಸಂಭವವೂ ಹೆಚ್ಚಿತ್ತು.

ನಿವೃತ್ತ ಮೇಷ್ಟ್ರು: "ಯಾರಾದರೂ ಒಬ್ಬರು" ಎಂದಿದ್ದೀರಿ. ಐವತ್ತು ಜನರಲ್ಲಿ ಒಬ್ಬ ಬಂದರೆ ಉಳಿದ ನಲವತ್ತೊಂಬತ್ತು ಜನ ಏನನ್ನು ತೀರ್ಮಾನಿಸಿದರು ಎಂಬುದೇ ನನ್ನ ಪ್ರಶ್ನೆ. ಅಲ್ಲದೆ ಹೊಡೆದಾಟ ಹೊಡೆದಾಟದಂತೆಯೇ ಕಾಣುತ್ತದೆ. ಹೊಗೆಯೋ, ಆವಿಯೋ ಎಂಬ ಗೊಂದಲವಿದ್ದಾಗಲೇ ನಾವು ಪಕ್ಕದವರತ್ತ ತಿರುಗುವುದು.

ಹೊಳೆದಂಡೆ: ಜನ ತಿರುಗುವುದು ಪಕ್ಕದವರತ್ತ ಅಲ್ಲ, ಪೊಲೀಸ್ ಠಾಣೆಯತ್ತ. ಸಾಕ್ಷಿಯಾಗಿ ಅಲೆಯಬೇಕಾದೀತೆಂಬ ಭಯವಿರುವುದರಿಂದಲೇ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಕಲಂ ಸೇರಿಸಿ, ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡಬೇಕಾಯಿತು. ಇದು ಶುದ್ಧ ಲಾಭನಷ್ಟದ ಲೆಕ್ಕ.

ಮೂರನೇ ಬೆಂಚು: "ಶುದ್ಧ" ಎಂಬ ಪದಕ್ಕೆ ನನ್ನ ಆಕ್ಷೇಪಣೆಯಿದೆ. ಪೊಲೀಸರು ನಮ್ಮನ್ನು ಹೇಗೆ ಕಂಡಾರು ಎಂಬ ಊಹೆಯೂ ಇನ್ನೊಬ್ಬರ ಮನಸ್ಸಿನ ಊಹೆಯೇ.

ಹೊಳೆದಂಡೆ: ಹಾಗೆ ಎಳೆದರೆ ಎಲ್ಲವೂ ಊಹೆಯೇ ಆಗುತ್ತದೆ, ವಾದವೇ ಉಳಿಯುವುದಿಲ್ಲ. 38 ಜನ ಎಂದು ಪತ್ರಿಕೆಯ ಶೀರ್ಷಿಕೆಯೇ ಹೇಳಿತ್ತೆಂದು ಮೇಷ್ಟ್ರು ಈಗಲಾದರೂ ಸಾಧಿಸಿ ತೋರಿಸಲಿ.

ಅಂಕಿಪ್ರಿಯ: ಶೀರ್ಷಿಕೆಯಲ್ಲಿ ಇದ್ದದ್ದು 37. 38 ಇದ್ದದ್ದು ಅದರ ಕೆಳಗಿನ ಮೊದಲ ವಾಕ್ಯದಲ್ಲಿ.