ಆಗಸ್ಟ್ 15: ಬಾವುಟ, ಲಾಡು, ಸೆಲ್ಫಿ ಮುಗಿದ ಮೇಲೆ?

ಓಣಿಮನೆ:
ಬಡಾವಣೆಗಳಲ್ಲಿ ಎಂಟಕ್ಕೆ ಧ್ವಜಾರೋಹಣ, ಒಂಬತ್ತಕ್ಕೆ ಮೈದಾನ ಖಾಲಿ. ಶುಕ್ರವಾರ ಬಂದರಂತೂ ಮೂರು ದಿನದ ಟ್ರಿಪ್. ಬೀದಿದೀಪ, ಕಸ ಅಂತ ವರ್ಷವಿಡೀ ಗೊಣಗುವವರು ಒಂದು ಸಹಿ ಕೇಳಿದರೆ ಕೈಗೆ ಸಿಗಲ್ಲ. ಬಾವುಟದ ಕೆಲಸ ಎಡವಟ್ಟಿಲ್ಲದೆ ಮಾಡೋದು ಹೇಗೆ? ನೆರೆದವರಿಂದ ಅರ್ಧ ಗಂಟೆಯಲ್ಲಿ ಏನಾದರೂ ಉಪಯೋಗದ ಕೆಲಸ ಮಾಡಿಸಬಹುದಾ?

ಜಾರುಗಂಟು:
ಕೈಕೊಡೋದು ಯಾವಾಗಲೂ ಗಂಟೇ. ಬಾವುಟದ ಹಗ್ಗದ ಒಂದು ತುದಿಯಲ್ಲಿ ಮರದ ಗುಂಡಿ ಇರುತ್ತೆ. ಅದು ಕೇಸರಿ ಕಡೆ, ಮೇಲಕ್ಕೆ ಬರಬೇಕು. ನೋಡದೆ ಕಟ್ಟಿದರೆ ಹಸಿರು ಮೇಲಾಗುತ್ತೆ. ಹೂವಿಟ್ಟು ಕಟ್ಟೋದಾದರೆ ಒಂದೇ ಎಳೆತಕ್ಕೆ ಬಿಚ್ಚೋ ಜಾರುಗಂಟು ಹಾಕಿ. ಒಣ ಎಸಳು ಒಂದು ಹಿಡಿ ಸಾಕು. ಒದ್ದೆ ಸೇವಂತಿಗೆ ತುರುಕಿದರೆ ಭಾರಕ್ಕೆ ಗಂಟು ಬಿಗಿಯುತ್ತೆ, ಮುಖ್ಯ ಅತಿಥಿ ಹಗ್ಗ ಜಗ್ಗುತ್ತಾ ನಿಲ್ಲಬೇಕಾಗುತ್ತೆ. ಹಿಂದಿನ ಸಂಜೆಯೇ ಅದೇ ಹಗ್ಗ, ಅಷ್ಟೇ ಹೂವು ಇಟ್ಟು ಎರಡು ಸಲ ಬಿಚ್ಚಿ ನೋಡಿ. ಎಳೆಯೋ ತುದಿಗೆ ಬಣ್ಣದ ದಾರ ಕಟ್ಟಿಡಿ.

ಏರಿಸೋದು ಚುರುಕಾಗಿ, ಇಳಿಸೋದು ನಿಧಾನ. ಧ್ವಜ ಸಂಹಿತೆಗೆ (ಬಾವುಟದ ಸರ್ಕಾರಿ ನಿಯಮಗಳಿಗೆ) 2022ರಲ್ಲಿ ತಿದ್ದುಪಡಿ ಆದಮೇಲೆ ಮನೆ ಮೇಲೆ ರಾತ್ರಿಯೂ ಹಾರಿಸಬಹುದು. ಹಾಗಂತ ಚಿಂದಿಯಾಗೋವರೆಗೂ ಬಿಡುವಂತಿಲ್ಲ.

ಬೆಂಗೇರಿ ಖಾದಿ:
ಪ್ಲಾಸ್ಟಿಕ್ ಬಾವುಟ 2022ರ ಜುಲೈ 1ರಿಂದಲೇ ನಿಷೇಧ, ತರಲೇಬೇಡಿ. ಕಾಗದದ್ದನ್ನೂ ನೆಲಕ್ಕೆ ಬಿಸಾಡುವಂತಿಲ್ಲ; ಗೇಟಿನಲ್ಲಿ ಒಂದು ಡಬ್ಬಿ ಇಟ್ಟು ವಾಪಸ್ ತಗೊಳ್ಳಿ. ಹರಿದ ಬಾವುಟವನ್ನು ತುಂಡು ಮಾಡದೆ, ಯಾರೂ ಇಲ್ಲದ ಕಡೆ ಗೌರವದಿಂದ ನಾಶ ಮಾಡಬೇಕು, ಸುಡೋದೇ ಉತ್ತಮ ಅನ್ನುತ್ತೆ ಧ್ವಜ ಸಂಹಿತೆ. 2021ರ ಕೊನೆಗೆ ಪಾಲಿಯೆಸ್ಟರ್‌ಗೂ ಒಪ್ಪಿಗೆ ಸಿಕ್ಕಿದೆ ನಿಜ, ಆದರೆ ಅದು ಸುಟ್ಟರೆ ಕರಗಿ ತೊಟ್ಟಿಕ್ಕುತ್ತೆ. ಖಾದಿ ಕೊಳ್ಳಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ತಯಾರಾಗುತ್ತೆ.

ಅರ್ಜಿದಾರ:
ಅರ್ಧ ಗಂಟೆಗೆ ಎರಡು ಮೇಜು ಸಾಕು, ಭಾಷಣ ಬೇಡ.

ಒಂದರಲ್ಲಿ ಮತದಾರರ ಪಟ್ಟಿ. ಹೊಸ ಹೆಸರಿಗೆ ಫಾರಂ 6, ಮನೆ ಬದಲಿಸಿದವರಿಗೆ ಫಾರಂ 8. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು.

ಇನ್ನೊಂದರಲ್ಲಿ ದೂರು. "ನಮ್ಮ ರಸ್ತೆಯಲ್ಲಿ ದೀಪ ಇಲ್ಲ" ಅಂತ ಬರೆದರೆ ಲೈನ್‌ಮನ್‌ಗೆ ಕಂಬ ಸಿಗಲ್ಲ, ದೂರು ಅಲ್ಲಿಗೇ ಮುಗೀತು. ಕಂಬದ ನಂಬರು, ಎದುರು ಮನೆ ನಂಬರು, ಫೋಟೋ ಮೂರೂ ಇರಲಿ. ಕೆಲಸ ಆಗದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ): ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದು ಮಾಹಿತಿಯಲ್ಲ ಅಂತ ತಳ್ಳಿಹಾಕ್ತಾರೆ. ಕಾರ್ಯಾದೇಶದ (ವರ್ಕ್ ಆರ್ಡರ್) ಪ್ರತಿ, ಪಾವತಿಸಿದ ಬಿಲ್ಲಿನ ಪ್ರತಿ ಕೇಳಿ.

(ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರುಗಳ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಬಡಾವಣೆಯ ಎಷ್ಟು ವಾಟ್ಸಾಪ್ ಗುಂಪಿನಲ್ಲಿ ಆ ಮಾತು ಬಂತು?)

ಓಣಿಮನೆ:
ಮೇಜು ಹಾಕಿದರೂ ಜನ ನಿಲ್ಲಬೇಕಲ್ಲ ಸರ್?

ಅರ್ಜಿದಾರ:
ಲಾಡು ಡಬ್ಬಿಯನ್ನ ಎರಡನೇ ಮೇಜಿನ ಆಚೆ ಇಡಿ.