ಪದಚರ್ಚೆ: ಡಿಟೆಕ್ಟರಿನ ‘ಕ್ಯಾಲಿಬ್ರೇಶನ್’ಗೆ ಕನ್ನಡದಲ್ಲಿ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಮಾಸಪತ್ರಿಕೆಯೊಂದಕ್ಕೆ ಸಿಂಕ್ರೊಟ್ರಾನ್ (ಎಲೆಕ್ಟ್ರಾನುಗಳನ್ನು ಸುತ್ತು ಹೊಡೆಸಿ ಪ್ರಖರ ಎಕ್ಸ್-ಕಿರಣ ಹೊಮ್ಮಿಸುವ ಯಂತ್ರ) ಮತ್ತು ಅದರ ಕಿರಣಗಳನ್ನು ಹಿಡಿದು ಎಣಿಸುವ ಡಿಟೆಕ್ಟರ್ ಬಗ್ಗೆ ಲೇಖನ ಕಳಿಸಿದ್ದೆ. ಕರಡು ತಿದ್ದಿ ವಾಪಸ್ ಬಂತು. ನಾನು ಬಳಸಿದ್ದ ಬೇರೆ ಬೇರೆ ಮಾತುಗಳನ್ನೆಲ್ಲ ಹೊಡೆದುಹಾಕಿ, ಹನ್ನೊಂದು ಕಡೆ ‘ಮಾಪನಾಂಕ ನಿರ್ಣಯ’ ಎಂದು ಮಾಡಿದ್ದರು. ಅವರದು ತಪ್ಪೆನ್ನಲಾರೆ. ಇಂಗ್ಲಿಷಿನಲ್ಲಿ ಅಷ್ಟಕ್ಕೂ ಇರುವುದು ಒಂದೇ ಪದ, ಕ್ಯಾಲಿಬ್ರೇಶನ್, ಅಳೆಯುವ ಸಾಧನವನ್ನು ಸರಿಯಾದ ಅಳತೆಗೆ ತರುವುದು. ಆದರೆ ಆ ಒಂದು ಪದದಿಂದಲೇ ನಾವು ಹಿಂದೊಮ್ಮೆ ಇಡೀ ಒಂದು ಪಾಳಿ ಕಳೆದುಕೊಂಡಿದ್ದೇವೆ. ಅದನ್ನು ಹೇಳಿಯೇ ಪ್ರಶ್ನೆಗೆ ಬರುತ್ತೇನೆ.

ಸಿಂಕ್ರೊಟ್ರಾನಿನ ಕಿರಣವನ್ನು ಪ್ರಯೋಗದ ಜಾಗಕ್ಕೆ ತರುವ ಬೀಮ್‌ಲೈನ್‌ಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಇಂದೋರಿನಲ್ಲಿ ನಮ್ಮ ದೇಶದ್ದೇ ಸಿಂಕ್ರೊಟ್ರಾನ್ ಇಂಡಸ್-2 ಇದೆ. ಇಟಲಿಯ ಟ್ರಿಯೆಸ್ಟ್‌ನಲ್ಲಿರುವ ಎಲೆಟ್ರಾ ಸಿಂಕ್ರೊಟ್ರಾನಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಲುದಾರನಾಗಿ ಕಟ್ಟಿದ ಎರಡು ಬೀಮ್‌ಲೈನ್‌ಗಳಿವೆ. ಎಂಟು ಗಂಟೆಯ ಪಾಳಿ, ನಿದ್ದೆಗಣ್ಣು. ಅಂಥ ಒಂದು ರಾತ್ರಿ ಎರಡಕ್ಕೆ ಜೊತೆಗಿದ್ದ ಹುಡುಗನನ್ನು ನಾನು ಕೇಳಿದೆ:

“ಡಿಟೆಕ್ಟರ್ ಕ್ಯಾಲಿಬ್ರೇಟ್ ಆಗೇದೇನಪಾ?”

“ಆಗಿದೆ ಸರ್.”

ಅವನು ಸುಳ್ಳು ಹೇಳಲಿಲ್ಲ. ಅವನು ಮಾಡಿದ್ದು ಎನರ್ಜಿಯ ಕ್ಯಾಲಿಬ್ರೇಶನ್, ನಾನು ಕೇಳಿದ್ದು ಸ್ಯಾಂಪಲ್‌ನಿಂದ ಡಿಟೆಕ್ಟರಿಗಿರುವ ದೂರದ್ದು. ನಡುವೆ ಸ್ಯಾಂಪಲ್ ಹಿಡಿಕೆಗೆ ಜಾಗ ಸಾಲದೆ, ಸುಮಾರು 300 ಮಿಲಿಮೀಟರ್ ದೂರದಲ್ಲಿದ್ದ ಡಿಟೆಕ್ಟರನ್ನು ಒಂದೂವರೆ ಮಿಲಿಮೀಟರ್ ಹಿಂದೆ ಸರಿಸಿದ್ದೆವು. ಫೈಲಿನಲ್ಲಿ ಹಳೆಯ ದೂರವೇ ಉಳಿಯಿತು. ಬೆಳಗಾಗುವ ಹೊತ್ತಿಗೆ ನಮ್ಮ ಹರಳಿನ ಪದರಗಳ ಅಂತರವೆಲ್ಲ 0.5 ಶೇಕಡಾ ಕುಗ್ಗಿ ಕೂತಿದ್ದವು. ಹರಳಿನ ಮೇಲೆ ಒತ್ತಡ ಹಾಕಿ ನೋಡುವ ಪ್ರಯೋಗ ಅದು, ಒತ್ತಡ ಹಾಕುವ ಮೊದಲೇ ಹೀಗೆ! ಏನೋ ಹೊಸದು ಕಂಡೆವೆಂದು ಕಾಲು ಗಂಟೆ ಖುಷಿಪಟ್ಟಿದ್ದೂ ಉಂಟು.

ಈಗ ಪದಗಳಿಗೆ ಬರೋಣ. ‘ಕ್ಯಾಲಿಬ್ರೇಟ್ ಮಾಡು’ ಎಂದರೆ ನಾವು ನಿಜಕ್ಕೂ ಏನೇನು ಮಾಡುತ್ತೇವೆ?

ಸಿಸಿಡಿ (ಡಿಜಿಟಲ್ ಕ್ಯಾಮೆರಾದಲ್ಲಿರುವಂಥ ಬೆಳಕು ಹಿಡಿಯುವ ಚಿಪ್) ಥರದ ಡಿಟೆಕ್ಟರಾದರೆ ಮೊದಲು ಶಟರ್ ಮುಚ್ಚಿ, ಒಂದು ಕಿರಣವೂ ಬೀಳದ ಚಿತ್ರ ತೆಗೆಯುತ್ತೇವೆ. ಕತ್ತಲಲ್ಲೂ ಅದು ಏನೋ ಒಂದಿಷ್ಟು ಎಣಿಕೆ ತೋರಿಸುತ್ತದೆ. ಅದನ್ನು ಮುಂದಿನ ಎಲ್ಲ ಚಿತ್ರಗಳಿಂದ ಕಳೆಯಬೇಕು. ಇದಕ್ಕೆ ನಮ್ಮ ಕಡೆ ಸಿದ್ಧ ಮಾತೇ ಇದೆ: ಧಡಾ ಕಟ್ಟೋದು. ಎಣ್ಣೆ ಅಂಗಡಿಯಲ್ಲಿ ಖಾಲಿ ಡಬ್ಬಿಯನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಗೆ ಕಲ್ಲುಚೂರು, ಹಳೇ ಮೊಳೆ ಏನಾದರೂ ಹಾಕಿ ಸರಿತೂಗಿಸಿ, ಆಮೇಲೆ ಎಣ್ಣೆ ಹೊಯ್ಯುತ್ತಿದ್ದರು. ಮೈಸೂರು ಸೀಮೆಯಲ್ಲಿ, ಕರಾವಳಿಯಲ್ಲಿ ಇದಕ್ಕೆ ಏನೆನ್ನುತ್ತೀರಿ? ಇದು ನನ್ನ ಮೊದಲ ಪ್ರಶ್ನೆ.

ಕ್ಯಾಲಿಬ್ರೇಶನ್ನಿನ ಎರಡನೆಯ ಕೆಲಸ ಪಿಲಾಟಸ್ ಥರದ, ಫೋಟಾನುಗಳನ್ನು (ಕಿರಣದ ಬಿಡಿ ಕಣಗಳನ್ನು) ಒಂದೊಂದಾಗಿ ಎಣಿಸುವ ಡಿಟೆಕ್ಟರಿನದು. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯವರು ಇವಕ್ಕೆ ತಮ್ಮ ಬೆಟ್ಟಗಳ ಹೆಸರಿಟ್ಟಿದ್ದಾರೆ: ಪಿಲಾಟಸ್, ಐಗರ್, ಯುಂಗ್‌ಫ್ರೌ. (ನಾವು ಮಾಡಿದ ದಿನ ಒಂದಕ್ಕೆ ಮುಳ್ಳಯ್ಯನಗಿರಿ ಎಂದಿಡಬೇಕೆಂದು ನನ್ನ ಅರ್ಜಿ.) ಪಿಲಾಟಸ್ 6ಎಂ ಎಂಬುದರಲ್ಲಿ 172 ಮೈಕ್ರಾನ್ ಅಗಲದ ಸುಮಾರು 62 ಲಕ್ಷ ಪಿಕ್ಸೆಲ್‌ಗಳಿವೆ. ಇಷ್ಟಕ್ಕಿಂತ ಹೆಚ್ಚು ಶಕ್ತಿಯ ಪೆಟ್ಟು ಬಿದ್ದರೆ ಮಾತ್ರ ಎಣಿಸು ಎಂದು ಪ್ರತಿ ಪಿಕ್ಸೆಲ್‌ಗೂ ಹೇಳಿಕೊಡಬೇಕು. ಸಾಮಾನ್ಯವಾಗಿ ಆ ಗಡಿಯನ್ನು ಫೋಟಾನ್ ಶಕ್ತಿಯ ಅರ್ಧಕ್ಕೆ ಇಡುತ್ತಾರೆ, 20 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಕಿರಣವಾದರೆ 10ಕ್ಕೆ. ಬದುವಿನ ಮೇಲೆ ಬಿದ್ದ ಮಾವಿನಹಣ್ಣಿನ ನ್ಯಾಯ ಇದು. ಎರಡು ಪಿಕ್ಸೆಲ್‌ಗಳ ನಡುಗೆರೆಯ ಮೇಲೆ ಬಿದ್ದ ಫೋಟಾನಿನ ವಿದ್ಯುದಾವೇಶ ಇಬ್ಬರಿಗೂ ಹಂಚಿಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಯಾರಿಗೆ ಸಿಕ್ಕಿತೋ ಅವರ ಲೆಕ್ಕಕ್ಕೆ ಹಣ್ಣು. ಗಡಿ ಕೆಳಗಿದ್ದರೆ ಇಬ್ಬರೂ ಎಣಿಸುತ್ತಾರೆ, ಮೇಲಿದ್ದರೆ ಇಬ್ಬರೂ ಬಿಡುತ್ತಾರೆ.

ಈ ಗಡಿಗೆ ‘ಹೊಸ್ತಿಲು’ ಎಂದಿದ್ದೆ. ಅದು ಉಳಿದುಕೊಂಡಿತು, ಸಂತೋಷ. ಆದರೆ ಪಿಕ್ಸೆಲ್‌ಗಳೇನು ಅಚ್ಚಿನಲ್ಲಿ ಎರೆದಂತೆ ಒಂದೇ ಥರ ಇರುವುದಿಲ್ಲ. ಎಲ್ಲಕ್ಕೂ ಸೇರಿ ಒಂದು ಹೊಸ್ತಿಲು ಇಟ್ಟ ಮೇಲೆ ಪ್ರತಿಯೊಂದರದನ್ನೂ 64 ಮೆಟ್ಟಿಲುಗಳ ಒಳಗೆ ತುಸು ಮೇಲೆ ಕೆಳಗೆ ಮಾಡಿ ಕೂಡಿಸಬೇಕು. ತಂಬೂರಿಯಲ್ಲಿ ಬಿರಡೆ ತಿರುಗಿಸಿ ಹತ್ತಿರಕ್ಕೆ ತಂದು ಆಮೇಲೆ ಮಣಿ ಸರಿಸುವುದಿಲ್ಲವೇ, ಅದೇ ಕೆಲಸ, 62 ಲಕ್ಷ ತಂತಿಗಳಿಗೆ. ಇದನ್ನು ‘ಶ್ರುತಿ ಕೂಡಿಸುವುದು’ ಎಂದು ಬರೆದಿದ್ದೆ. ಸಂಪಾದಕರಿಗೆ ಇದು ಅಲಂಕಾರವೆನಿಸಿತು. ನನಗೆ ಇದಕ್ಕಿಂತ ನಿಖರವಾದ ಪದ ಕಾಣದು.

ಇಷ್ಟಾದರೂ ಒಂದೇ ಸಮನೆ ಕಿರಣ ಚೆಲ್ಲಿದಾಗ ಒಂದು ಪಿಕ್ಸೆಲ್ ನೂರೆಂದರೆ ಪಕ್ಕದ್ದು ತೊಂಬತ್ತೇಳು ಎನ್ನಬಹುದು. ಆ ಏರುತಗ್ಗನ್ನು ಭಾಗಾಕಾರದಿಂದ ಸರಿಪಡಿಸುತ್ತೇವೆ. ಗಾರೆಯವರ ರಸಮಟ್ಟ ನೆನೆದು ‘ಮಟ್ಟ ಮಾಡುವುದು’ ಎಂದಿದ್ದೆ. ಇದರ ಮೇಲೆ ನನಗೇನೂ ಹಟವಿಲ್ಲ.

ತೊಡಕಿರುವುದು ಕೊನೆಯದರಲ್ಲಿ, ಆ ರಾತ್ರಿ ನಾವು ಮರೆತದ್ದರಲ್ಲಿ. ಲ್ಯಾಂಥನಮ್ ಹೆಕ್ಸಾಬೋರೈಡ್ ಎಂಬ ನೇರಳೆ ಬಣ್ಣದ ಪುಡಿಯನ್ನು ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ನಳಿಗೆಯಲ್ಲಿ ತುಂಬಿ ಕಿರಣಕ್ಕೆ ಒಡ್ಡುತ್ತೇವೆ. ಡಿಟೆಕ್ಟರಿನ ಮೇಲೆ ಒಂದರೊಳಗೊಂದು ಉಂಗುರಗಳು ಮೂಡುತ್ತವೆ. ಆ ಹರಳಿನ ಘನದ ಅಂಚು 4.157 ಆಂಗ್‌ಸ್ಟ್ರಮ್ ಎಂದು ಮೊದಲೇ ಗೊತ್ತು. ಹಾಗಾಗಿ ಉಂಗುರಗಳ ಅಳತೆಯಿಂದ ಡಿಟೆಕ್ಟರ್ ಎಷ್ಟು ದೂರದಲ್ಲಿದೆ, ನಡುಬಿಂದು ಎಲ್ಲಿದೆ ಎಂದು ಹೇಳಬಹುದು. ಉಂಗುರ ದುಂಡಗಿರದೆ ಮೊಟ್ಟೆಯಂತೆ ಕಂಡರೆ ಡಿಟೆಕ್ಟರ್ ವಾಲಿದೆ ಎಂದರ್ಥ.

ಗೊತ್ತಿರುವ ವಸ್ತುವಿನಿಂದ ಪರೀಕ್ಷೆ ಎಂದ ಮೇಲೆ ‘ಒರೆ ಹಚ್ಚುವುದು’ ಎನ್ನಬಹುದೆಂದು ಗೆಳೆಯರೊಬ್ಬರು ಹೇಳಿದರು. ಒಂದು ದಿನ ಒಪ್ಪಿದ್ದೆ, ಆಮೇಲೆ ಬಿಟ್ಟೆ. ಅಕ್ಕಸಾಲಿಗ ಕಲ್ಲನ್ನು ನಂಬಿ ಚಿನ್ನವನ್ನು ಪರೀಕ್ಷಿಸುತ್ತಾನೆ. ಇಲ್ಲಿ ಚಿನ್ನವನ್ನು ನಂಬಿ ಕಲ್ಲನ್ನೇ ಪರೀಕ್ಷಿಸುತ್ತಿದ್ದೇವೆ. ಅಂಗಡಿ ತಕ್ಕಡಿಗೆ ಸೀಲು ಹಾಕುವವರ ‘ಸತ್ಯಾಪನೆ’ ಹತ್ತಿರ ಬರುತ್ತದೆ. ಆದರೆ ಅದು ಸರಿಯೋ ತಪ್ಪೋ ಎಂದಷ್ಟೇ ಹೇಳುತ್ತದೆ, ನಮಗೆ ಬೇಕಾದ ದೂರದ ಅಂಕಿಯನ್ನು ಕೊಡುವುದಿಲ್ಲ. ಆ ಲೆಕ್ಕದಲ್ಲಿ ‘ಮಾಪನಾಂಕ ನಿರ್ಣಯ’ ಇಲ್ಲಿಗೆ ಮಾತ್ರ ನಿಜಕ್ಕೂ ಸಲ್ಲುತ್ತದೆ. ರಾತ್ರಿ ಎರಡಕ್ಕೆ “ಮಾಪನಾಂಕ ನಿರ್ಣಯಿಸಿದೆಯೇನಪಾ” ಎಂದು ಕೇಳಲು ಬಾಯಿ ಬರಬೇಕಷ್ಟೆ.

ಇನ್ನೊಂದು ತಲೆಯಲ್ಲಿ ಕೊರೆಯುತ್ತಿದೆ. ಡಿಟೆಕ್ಟರನ್ನು ಜೋಡಿಸಿ ನಿಲ್ಲಿಸುವುದಕ್ಕೆ ‘ಅಳವಡಿಸು’ ಎನ್ನುತ್ತೇವೆ. ಬಿಡಿಸಿದರೆ ಸಿಗುವುದು ಅಳವು, ಪಡಿಸು. ಅಳತೆಗೆ ತರು ಎಂಬಂತೆ. ನಮಗೆ ಬೇಕಾದ ಅರ್ಥ ಅದರ ಹೊಟ್ಟೆಯಲ್ಲೇ ಇತ್ತು, ಆದರೆ ಫ್ಯಾನು, ಸಿಸಿ ಕ್ಯಾಮೆರಾ, ನಾಮಫಲಕ ಎಲ್ಲವನ್ನೂ ‘ಅಳವಡಿಸಿ’ ಅದನ್ನು ಸವೆಸಿಬಿಟ್ಟಿದ್ದೇವೆ. ಅದರ ಪಕ್ಕದಲ್ಲೇ ‘ಅಳತೆಗೂಡಿಸು’ ಎಂದು ಕಟ್ಟಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹೊಸದಾಗಿ ಕಟ್ಟದೆ, ಸೇರು ಪಾವಿನ ಕಾಲದಿಂದ ಬಂದ ಬೇರೆ ಮಾತೇನಾದರೂ, ಗೊತ್ತಿರುವ ಅಳತೆಯಿಂದ ಗೊತ್ತಿಲ್ಲದ ಪಾತ್ರೆಗೆ ಗೆರೆ ಹಾಕುವುದಕ್ಕೆ, ನಿಮ್ಮ ಮನೆಗಳಲ್ಲಿ ಇದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ. ಕರಡನ್ನು ಮುಂದಿನ ವಾರ ಮರಳಿಸಬೇಕು.